ತಾರಸಿಯಲ್ಲಿ ಸೇಬು ಒಣಗಿಸಿದ ಅಕ್ಟೋಬರ್

ಸೇಬಿನ ಪೆಟ್ಟಿಗೆ ತೆರೆದಾಗ ಮೊದಲು ಮೂಗಿಗೆ ಬರುವುದು ತೇವ ಹಿಡಿದ ರಟ್ಟಿನ ವಾಸನೆ. ಹಣ್ಣಿನದು ಆಮೇಲೆ, ಒಂದೆರಡು ಉಸಿರು ತಡವಾಗಿ ಬರುತ್ತದೆ. ಕಳೆದ ವಾರ ಮುಂಬಯಿ ಹೊರವಲಯದ ಕಾಮೋಠೆಯಲ್ಲಿ, ಈಗಿನ ನಮ್ಮ ಕಟ್ಟಡದ ಎದುರಿನ ಹಣ್ಣಿನವನು ಕಾಶ್ಮೀರದ ಪೆಟ್ಟಿಗೆಯೊಂದರ ಟೇಪು ಕಿತ್ತಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಎಷ್ಟು ಕಿಲೋ ಎಂದು ಅವನು ಎರಡು ಸಲ ಕೇಳಿದನಂತೆ, ನಾನು ಉತ್ತರ ಕೊಡಲಿಲ್ಲವಂತೆ. ಇದನ್ನು ಆಮೇಲೆ ಹೇಳಿದ್ದು ಹೆಂಡತಿ ವಾರಿಜ. ಅವಳೂ ಪಕ್ಕದಲ್ಲೇ ಇದ್ದಳು. ಇಬ್ಬರಿಗೂ ನೆನಪಾದದ್ದು ಒಂದೇ: ಘಣಸೋಲಿಯಲ್ಲಿದ್ದಾಗಿನ ಒಂದು ಅಕ್ಟೋಬರ್. ವಾರಿಜಳ ತಮ್ಮ ಸದಾನಂದ ಆ ಮಳೆಗಾಲದ ಕೊನೆಯಿಂದ ದೀಪಾವಳಿಯ ಹಿಂದಿನ ವಾರದವರೆಗೆ ನಮ್ಮ ಮನೆಯಲ್ಲಿದ್ದ.

ಆಗ ನಾವು ಘಣಸೋಲಿಯ ಹಳೆ ಊರಿನೊಳಗೆ, ನಾಲ್ಕು ಮಹಡಿಯ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ ಬಾಡಿಗೆಗಿದ್ದೆವು. ಸೆಕ್ಟರುಗಳ ಎತ್ತರದ ಕಟ್ಟಡಗಳು ರಸ್ತೆಯ ಆಚೆಗೆ. ನಮ್ಮ ಕಡೆಯ ಗಲ್ಲಿಗಳು ಎಷ್ಟು ಕಿರಿದೆಂದರೆ ಎದುರು ಮನೆಯವರ ಟಿವಿ ನಮ್ಮ ಬಾಲ್ಕನಿಯಿಂದಲೇ ಕಾಣುತ್ತಿತ್ತು. ಕಟ್ಟಡದ ಮಾಲಕಿ ಹಿರಾಬಾಯಿ ಉಪ್ಪು, ಮೀನಿನ ಕಸುಬಿನ ಆಗ್ರಿ ಸಮುದಾಯದ ಅದೇ ಊರಿನ ಮನೆತನದವರು, ಎಪ್ಪತ್ತು ದಾಟಿದ ಹೆಂಗಸು. ಮಳೆ ನಿಂತ ಕೂಡಲೇ ತಾರಸಿಯಲ್ಲಿ ಬಿದಿರು ನಿಲ್ಲಿಸಿ ಹಗ್ಗ ಎಳೆದು ಬೋಂಬಿಲ್ ಮೀನು ಒಣಗಿಸಲು ತೊಡಗುತ್ತಿದ್ದರು. ನಾನು ಮುಂಬಯಿಯ ಒಂದು ಕನ್ನಡ ಪತ್ರಿಕೆಯ ಸುದ್ದಿ ವಿಭಾಗದಲ್ಲಿದ್ದೆ. ಮಧ್ಯಾಹ್ನ ಮೂರಕ್ಕೆ ಹೊರಟರೆ ಸಾಕಾಗಿದ್ದರಿಂದ ಬೆಳಗುಗಳು ನನ್ನವು. ವಾರಿಜ ಗಲ್ಲಿಯ ತುದಿಯ ಬಾಲವಾಡಿಯಲ್ಲಿ ಮಧ್ಯಾಹ್ನದವರೆಗೆ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು.

ಸದಾನಂದ ಕಲ್ಯಾಣದ ಸ್ಟೇಷನ್ ಹತ್ತಿರದ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಅಡುಗೆಯವ. ಹದಿನೇಳನೆಯ ವಯಸ್ಸಿಗೆ ಊರಿನಿಂದ ಬಂದು ಹಿಟ್ಟು ರುಬ್ಬುವಲ್ಲಿಂದ ಶುರು ಮಾಡಿ, ಮುಖ್ಯ ಅಡುಗೆಯವನಾಗಿ ಎಷ್ಟೋ ವರ್ಷಗಳಾಗಿದ್ದವು. ಮದುವೆಯಾಗಿರಲಿಲ್ಲ. ಹೋಟೆಲಿನ ಮೇಲಿನ ಕೋಣೆಯೇ ಮನೆ. ಆ ವರ್ಷ ಮಳೆಗೆ ಮೊದಲು ಬಂದ ಜ್ವರದಲ್ಲಿ ಅವನಿಗೆ ವಾಸನೆ ಗೊತ್ತಾಗುವುದೇ ಹೋಯಿತು. ಅಂಥ ಜ್ವರ ಬಂದವರಲ್ಲಿ ಅನೇಕರಿಗೆ ಕೆಲವೇ ವಾರಗಳಲ್ಲಿ ಮರಳಿತ್ತು. ಇವನಿಗೆ ಮರಳಲಿಲ್ಲ. ಒಮ್ಮೆ ಸಾಂಬಾರಿನ ತಳ ಹತ್ತಿದ್ದು ಗೊತ್ತಾಗದೆ ಹಾಗೇ ಹೊರಗೆ ಕಳಿಸಿದ. ಒಮ್ಮೆ ಹಳಸಿದ ತೆಂಗಿನ ಚಟ್ನಿ ಮೂರು ಮೇಜಿನಿಂದ ವಾಪಸು ಬಂತು. ಕೊನೆಗೆ ಒಂದು ಬೆಳಿಗ್ಗೆ ಒಲೆಯ ನಾಬು ಅರ್ಧ ತೆರೆದೇ ಇದ್ದು, ಬಾಗಿಲಲ್ಲಿ ನಿಂತವರಿಗೆಲ್ಲ ಗ್ಯಾಸು ಗೊತ್ತಾಯಿತು, ಒಲೆಯ ಎದುರು ಕಡ್ಡಿಪೆಟ್ಟಿಗೆ ಹಿಡಿದು ನಿಂತಿದ್ದ ಇವನಿಗೆ ಗೊತ್ತಾಗಲಿಲ್ಲ. ಧನಿಗಳು, ಅಂದರೆ ಹೋಟೆಲಿನ ಯಜಮಾನರು, ಗದರಲಿಲ್ಲ. ಅಕ್ಕನ ಮನೆಗೆ ಹೋಗಿ ವಿಶ್ರಾಂತಿ ತೆಗೆದುಕೋ, ದೀಪಾವಳಿಯವರೆಗೆ ನಿನ್ನ ಜಾಗ ಇರುತ್ತದೆ, ಮೂಗು ಸರಿಯಾದರೆ ಬಾ, ಇಲ್ಲದಿದ್ದರೆ ನಾನು ಬೇರೆಯವರನ್ನು ನೋಡಬೇಕಾಗುತ್ತದೆ ಎಂದರು. ಅದು ನ್ಯಾಯದ ಮಾತು ಎಂದೇ ಸದಾನಂದ ನಮಗೆ ಹೇಳಿದ.

ಬಂದ ಮೊದಲ ವಾರಗಳಲ್ಲಿ ಅವನು ಏನೂ ಮಾಡಲಿಲ್ಲ. ಅಡುಗೆಮನೆಗೆ ಕಾಲಿಡಲಿಲ್ಲ. ವಾರಿಜ ಮಾಡಿದ್ದನ್ನು ಉಂಡು, ಚೆನ್ನಾಗಿದೆ ಎಂದು ಹೇಳಿ, ಬಾಲ್ಕನಿಯಲ್ಲಿ ಕೂರುತ್ತಿದ್ದ. ಅಕ್ಕ ತಮ್ಮ ಇಬ್ಬರೂ ತುಳುವಿನಲ್ಲಿ ಮಾತಾಡುತ್ತಿದ್ದರು, ಕುಂದಾಪುರದ ಕಡೆಯವನಾದ ನನ್ನೊಂದಿಗೆ ಕನ್ನಡದಲ್ಲಿ. ಆ ತುಳುವನ್ನೂ ನಾನಿಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಸೇಬು ಬಂದದ್ದು ಮಲ್ಲಪ್ಪನಿಂದ. ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು, ನೆಲಮಹಡಿಯ ಒಂದು ಕೋಣೆಯಲ್ಲಿ ಹೆಂಡತಿಯೊಂದಿಗೆ ಇದ್ದರು, ತುರ್ಭೆಯ ಹಣ್ಣಿನ ಮಾರುಕಟ್ಟೆಯಲ್ಲಿ ಹಮಾಲಿ. ಅಕ್ಟೋಬರ್ ಮೊದಲ ವಾರದಲ್ಲಿ ಒಂದು ಬೆಳಿಗ್ಗೆ ಲಾರಿಯಿಂದ ಬಿದ್ದು ಒಡೆದ ಪೆಟ್ಟಿಗೆಯೊಂದನ್ನು ವ್ಯಾಪಾರಿ ಇವರಿಗೆ ಕೊಟ್ಟುಬಿಟ್ಟಿದ್ದ. ಅದರಲ್ಲಿ ಅರ್ಧವನ್ನು ಹೆಗಲ ಮೇಲೆ ಹೊತ್ತು ಮೂರು ಮಹಡಿ ಹತ್ತಿ ತಂದರು.

"ಮ್ಯಾಲ ಒಂದೀಟ ಪೆಟ್ಟ ಬಿದ್ದೈತ್ರಿ ಸರ್ರ. ಒಳಗ ಏನೂ ಆಗಿಲ್ಲ. ಇವತ್ತ ತಿಂದ್ರ ಚೊಲೊ, ನಾಳಿಗಿ ನಿಲ್ಲಂಗಿಲ್ಲ," ಎಂದರು.

ಮೂರು ಜನ ಒಂದು ದಿನದಲ್ಲಿ ಅಷ್ಟು ಸೇಬು ತಿನ್ನಲು ಸಾಧ್ಯವಿರಲಿಲ್ಲ. ಸದಾನಂದ ಬಾಲ್ಕನಿಯಿಂದ ಎದ್ದು ಬಂದು ಪೆಟ್ಟಿಗೆಯ ಎದುರು ಕುಕ್ಕರುಗಾಲಲ್ಲಿ ಕುಳಿತ. ಒಂದೊಂದೇ ಹಣ್ಣು ತೆಗೆದು ಹೆಬ್ಬೆರಳಿನಿಂದ ಒತ್ತಿ ನೋಡಿ ಎರಡು ರಾಶಿ ಮಾಡಿದ. ಆಮೇಲೆ ಅಕ್ಕನನ್ನು ಚಾಕು ಕೇಳಿದ. ಅವನು ಚಾಕು ಕೇಳಿದ್ದು ನಮ್ಮಲ್ಲಿಗೆ ಬಂದ ಮೇಲೆ ಅದೇ ಮೊದಲು. ವಾರಿಜ ಮನೆಯಲ್ಲಿದ್ದ ಮೂರೂ ಚಾಕು ತಂದು ಅವನ ಮುಂದಿಟ್ಟಳು.

ಹೆಚ್ಚಿ ತಾರಸಿಯಲ್ಲಿ ಒಣಗಲು ಹಾಕಿದ ಮೊದಲ ಕಂತು ಕೆಟ್ಟಿತು. ತುಂಡುಗಳು ದಪ್ಪವಾಗಿದ್ದವು, ಎರಡನೆಯ ದಿನ ಮಧ್ಯಾಹ್ನ ಗುಡುಗಿ ಮಳೆ ಬಂತು. ಮಳೆಗಾಲ ಮುಗಿಯುವುದು ಆ ವರ್ಷ ತಡವಾಗಿತ್ತು. ಮೂರನೆಯ ದಿನ ಅಂಚುಗಳಲ್ಲಿ ಬೂಷ್ಟು ಕಂಡಿತು. ಅವನು ಬೇಸರ ಮಾಡಿಕೊಳ್ಳಲಿಲ್ಲ. ಮಲ್ಲಪ್ಪನಿಗೆ ಹೇಳಿ ಇನ್ನಷ್ಟು ಪೆಟ್ಟು ಬಿದ್ದ ಹಣ್ಣು ತರಿಸಿದ. ಈ ಸಲ ಬಾಳೆಕಾಯಿ ಚಿಪ್ಸ್ ಹೆರೆಯುವ ಮಣೆಯಲ್ಲಿ ತೆಳ್ಳಗೆ ಹೆರೆದ. ಕಪ್ಪಾಗದಿರಲು ಉಪ್ಪು, ನಿಂಬೆ ಹಿಂಡಿದ ನೀರಿನಲ್ಲಿ ಮುಳುಗಿಸಿ ತೆಗೆದ. ವಾರಿಜಳ ಹಳೆಯ ಹತ್ತಿ ಸೀರೆಯನ್ನು ತಾರಸಿಯಲ್ಲಿ ಹಾಸಿ, ಒಂದಕ್ಕೊಂದು ತಾಗದಂತೆ ಸಾಲಾಗಿ ಹರಡಿದ. ಊರಿನಲ್ಲಿ ಹಪ್ಪಳ ಒಣಗಿಸುವ ಕ್ರಮವೇ ಇದು, ಹಪ್ಪಳದ ಜಾಗದಲ್ಲಿ ಸೇಬು ಇತ್ತು ಅಷ್ಟೆ. ಮಧ್ಯಾಹ್ನ ಒಮ್ಮೆ ಮಗುಚಿ ಹಾಕುವುದು. ಇಬ್ಬನಿಗೆ ಸಿಗದಂತೆ ಐದು ಗಂಟೆಗೆ ಸೀರೆಯ ನಾಲ್ಕು ಮೂಲೆ ಹಿಡಿದು ಒಳಗೆ ತರುವುದು. ನಾಲ್ಕು ದಿನ ಬಿಸಿಲಾದ ಮೇಲೆ ಒಂದು ತುಂಡು ತೆಗೆದು ಬಾಗಿಸಿದರೆ ಚರ್ಮದ ಹಾಗೆ ಬಾಗಬೇಕು, ಮುರಿಯಬಾರದು, ಒತ್ತಿದರೆ ಬೆರಳು ಒದ್ದೆಯಾಗಬಾರದು. ಆಮೇಲೆ ಗಾಜಿನ ಬಾಟ್ಲಿಗೆ ತುಂಬಿ ಒಂದು ವಾರ ದಿನಕ್ಕೊಮ್ಮೆ ಕುಲುಕುವುದು. ಗಾಜಿನ ಒಳಗೆ ಆವಿ ಕಂಡರೆ ಮತ್ತೆ ಬಿಸಿಲಿಗೆ. ಇದರಲ್ಲಿ ಅರ್ಧ ಅವನಿಗೆ ಮೊದಲೇ ತಿಳಿದದ್ದು, ಇನ್ನರ್ಧ ಮಾಡುತ್ತ ಕಂಡುಕೊಂಡದ್ದು.

ಕಾಗೆಗಳು ಬೇರೆ ಸಮಸ್ಯೆ. ಊರಿನಲ್ಲಾದರೆ ಕಪ್ಪು ಕೊಡೆಯೊಂದನ್ನು ಬಿಚ್ಚಿಟ್ಟರೆ ಕಾಗೆ ಹತ್ತಿರ ಬರುವುದಿಲ್ಲ. ಘಣಸೋಲಿಯ ಕಾಗೆಗಳು ಹಿರಾಬಾಯಿಯ ಮೀನು ತಿಂದೇ ಬೆಳೆದಂಥವು, ಕೊಡೆಯ ಮೇಲೆಯೇ ಕುಳಿತವು. ಅದನ್ನು ನೋಡಿ ಹಿರಾಬಾಯಿ ನಗುತ್ತ ಕೆಳಗೆ ಹೋಗಿ ತಮ್ಮ ಮನೆಯ ಹಳೆಯ ಮೀನುಬಲೆಯೊಂದನ್ನು ತಂದುಕೊಟ್ಟರು. ಸದಾನಂದ ಅದನ್ನು ಒಂದು ದಿನ ಸೋಪಿನ ನೀರಿನಲ್ಲಿ ನೆನೆಸಿ, ಎರಡು ಸಲ ತಿಕ್ಕಿ ತೊಳೆದು, ಎರಡು ದಿನ ಬಿಸಿಲಿಗೆ ಹಾಕಿದ. ಹೋಟೆಲಿನ ಶಿಸ್ತು. ನೋಡಲು ಬಲೆ ಹೊಸದರ ಹಾಗಿತ್ತು. ನಾಲ್ಕು ಇಟ್ಟಿಗೆಯ ಮೇಲೆ ಅದನ್ನು ಬಿಗಿದು ಸೇಬನ್ನು ಮುಚ್ಚಿದ. ಕಾಗೆಗಳು ಸುತ್ತಲೂ ನಡೆದಾಡಿ ಹೋದವು.

ಮನೆಯಲ್ಲಿ ಒಣ ಸೇಬು ತುಂಬತೊಡಗಿತು. ಚಹಾದ ಜೊತೆ ಅದೇ, ನನ್ನ ಆಫೀಸಿನ ಡಬ್ಬಿಯಲ್ಲೂ ಅದೇ. ಸಂಜೆ ಸೀರೆ ಮಡಚಿ ತರುವಾಗ ಸದಾನಂದ ಆ ದಿನದ ವಾಸನೆಯನ್ನು ನಮಗೆ ಹೇಳುತ್ತಿದ್ದ. ಮೊದಲ ದಿನದ್ದು ಹಸಿ ಹುಲ್ಲಿನ ಹಾಗೆ. ಎರಡನೆಯ ದಿನ ಹುಳಿ ಏರುತ್ತದೆ. ಮೂರನೆಯ ದಿನ, "ಬೆಲ್ಲ ಪಾಕಕ್ಕೆ ಬರುವ ಮೊದಲು ಒಂದು ವಾಸನೆ ಉಂಟಲ್ಲ ಭಾವ, ಹಾಗೆ ಬರ್ತದೆ," ಎಂದ. ಅವನ ಮೂಗು ಮರಳುತ್ತಿದೆ ಎಂದು ನಮಗೆ ತಿಳಿದದ್ದು ಹೀಗೆ. ವಾರಿಜ ಆ ಸಂಜೆ ದೇವರ ಎದುರು ತುಪ್ಪದ ದೀಪ ಹಚ್ಚಿದಳು. ಮರುದಿನ ಅವನು ಧನಿಗಳಿಗೆ ಫೋನ್ ಮಾಡಿ, ದೀಪಾವಳಿಗೆ ಮೊದಲಿನ ಬುಧವಾರ ಬರುತ್ತೇನೆ, ವಾಸನೆ ಬಂದಿದೆ ಎಂದು ತಿಳಿಸಿದ. ನಾನೇ ಒಣಗಿಸಿದ ಸೇಬು ಒಂದು ಬಾಟ್ಲಿ ತರುತ್ತೇನೆ, ನೀವೇ ನೋಡಿ ಎಂದೂ ಹೇಳಿದ.

ಮೊದಲ ಬಾಟ್ಲಿಯನ್ನು ವಾರಿಜ ಬಾಲವಾಡಿಗೆ ಒಯ್ದಳು. ಮಕ್ಕಳು ಒಂದೇ ದಿನದಲ್ಲಿ ಖಾಲಿ ಮಾಡಿದರು. ಹಣ್ಣು ಕೊಟ್ಟರೆ ಮುಖ ತಿರುಗಿಸುವ ಮಕ್ಕಳು ಇನ್ನೂ ಬೇಕು ಎಂದರಂತೆ. ಸದಾನಂದನಿಗೆ ಇದನ್ನು ಹೇಳಿದಾಗ ಅವನು ಬಹಳ ದಿನಗಳ ಮೇಲೆ ಹಲ್ಲು ಕಾಣುವ ಹಾಗೆ ನಕ್ಕ.

ಎರಡನೆಯ ಬಾಟ್ಲಿಯಿಂದ ಒಂದು ಪೊಟ್ಟಣ ಕಟ್ಟಿ ಮಲ್ಲಪ್ಪನ ಮನೆಗೆ ಕೊಟ್ಟ. ಎರಡು ದಿನದ ನಂತರ ನಾನು ಆಫೀಸಿಗೆ ಇಳಿಯುವಾಗ ಮಲ್ಲಪ್ಪ ಮೆಟ್ಟಿಲ ಬುಡದಲ್ಲಿ ನಿಂತಿದ್ದರು. ಯಾರಾದರೂ ಬರುತ್ತಾರೋ ಎಂದು ಒಮ್ಮೆ ಮೇಲೆ ನೋಡಿದರು. ಅವರು ಕೊರಳಲ್ಲಿ ಲಿಂಗ ಕಟ್ಟಿದವರು, ಮನೆಯಲ್ಲಿ ಮೊಟ್ಟೆ ಸಹ ಇಲ್ಲ.

"ತಪ್ಪ ತಿಳಕೋಬ್ಯಾಡ್ರಿ ಸರ್ರ. ನಮ್ಮಕಿ ಒಂದ ತುಂಡ ಬಾಯಾಗ ಹಾಕ್ಕೊಂಡ್ಲು, ಉಗುಳಿ ಬಾಯಿ ತೊಳಕೊಂಡ್ಲು. ಹಣ್ಣ ಮೀನ ನಾರತಾವ್ರಿ," ಎಂದರು. ದನಿ ತಗ್ಗಿಸಿ ಮುಂದುವರಿಸಿದರು. "ಅವರಿಗಿ ಹೇಳಬ್ಯಾಡ್ರಿ ಮತ್ತ. ಎಷ್ಟ ಪ್ರೀತಿಲೆ ಕೊಟ್ಟಾರ."

ಆ ದಿನ ನಾನು ಮೂರೂ ಕಾಲರ ರೈಲು ಬಿಟ್ಟು ಮನೆಗೆ ಹಿಂದಿರುಗಿದೆ. ಸದಾನಂದ ತಾರಸಿಯಲ್ಲಿದ್ದ. ಅಡುಗೆಮನೆಯ ಕಪಾಟಿನಿಂದ ಮೂರು ಬಾಟ್ಲಿ ತೆಗೆದು, ಕಿಟಕಿಯ ಹತ್ತಿರ ಒಯ್ದು, ಒಂದೊಂದಾಗಿ ಮುಚ್ಚಳ ತೆರೆದೆ. ಮೊದಲು ಸಿಹಿ. ಅದರ ಹಿಂದೆಯೇ ಬೋಂಬಿಲ್. ಮೂರರಲ್ಲೂ ಇತ್ತು. ಇಷ್ಟು ದಿನ ನಮಗೆ ಹೇಗೆ ಗೊತ್ತಾಗಲಿಲ್ಲ ಎಂಬುದಕ್ಕೆ ಕಾರಣ ಸರಳ: ತಾರಸಿಯೇ ಮೀನಿನ ವಾಸನೆಯದು, ನಮ್ಮ ಬಟ್ಟೆಗಳೂ ಅಲ್ಲೇ ಒಣಗುವುದು, ವಾರದಲ್ಲಿ ನಾಲ್ಕು ದಿನ ನಮ್ಮ ಮನೆಯಲ್ಲೂ ಮೀನು. ಆ ವಾಸನೆ ನಮಗೆ ಗೋಡೆಯ ಬಣ್ಣದಂತಾಗಿತ್ತು.

ಬಾಗಿಲಲ್ಲಿ ವಾರಿಜ ನಿಂತಿದ್ದಳು. ತನಗೆ ಗೊತ್ತಾಗಿ ಎರಡು ದಿನವಾಯಿತು ಎಂದಳು. ಬಾಲವಾಡಿಯ ಒಬ್ಬ ಹುಡುಗಿ ಆ ಬೋಂಬಿಲ್ ಸೇಬು ಇನ್ನೂ ಇದೆಯೇ ಎಂದು ಕೇಳಿದಳಂತೆ. ಆಗ್ರಿ ಮನೆಗಳ ಮಕ್ಕಳು. ಅವರಿಗೆ ಹಿಡಿಸಿದ್ದು ಏನೆಂದು ಅವಳಿಗೆ ಆಗ ತಿಳಿಯಿತು. ಹೇಳುವಾಗ ಅವಳಿಗೆ ನಗು ಬಂತು. ನಗು ನಿಂತ ಮೇಲೆ ಅಲ್ಲೇ ನೆಲದ ಮೇಲೆ ಕುಳಿತಳು.

ಸದಾನಂದನ ಕೈಯಲ್ಲೇ ಇಷ್ಟು ದಿನ ಆಡಿದ ಹಣ್ಣು. ದಿನವೂ ಮೂಗಿಗೆ ಹಿಡಿದು ಹುಲ್ಲು, ಹುಳಿ, ಬೆಲ್ಲ ಎಂದವನು ಅವನು. ಅವನಿಗೆ ಬಂದ ವಾಸನೆ ಯಾವುದೂ ಬಾಟ್ಲಿಯದಾಗಿರಲಿಲ್ಲ. ಮೂವತ್ತು ಚಿಲ್ಲರೆ ವರ್ಷದ ನೆನಪಿನಿಂದ ತೆಗೆದು ಹೇಳುತ್ತಿದ್ದ.

ನಾನು ಮಾಡಿದ್ದು ನನ್ನ ಕೆಲಸದ ಅಭ್ಯಾಸದಂತೆ ಮೂಲ ಹುಡುಕುವುದು. ಗಾಳಿಯೋ ಬಲೆಯೋ ಎಂದು ತಿಳಿಯಲು ಒಂದು ತಟ್ಟೆ ಸೇಬನ್ನು ಬಲೆಯಿಲ್ಲದೆ, ಅದೇ ತಾರಸಿಯ ಇನ್ನೊಂದು ಮೂಲೆಯಲ್ಲಿ, ಜರಡಿ ಮುಚ್ಚಿ ಒಣಗಿಸಿದೆ. ಅದರಲ್ಲಿ ಮೀನಿರಲಿಲ್ಲ. ಬಲೆಯೇ. ಮಧ್ಯಾಹ್ನದ ಬಿಸಿಗೆ ನೈಲಾನಿನ ಗಂಟುಗಳೊಳಗಿನ ಹಳೆಯ ಎಣ್ಣೆ ಕರಗಿ, ಒದ್ದೆ ಸೇಬು ಅದನ್ನು ಕುಡಿದಿತ್ತು ಎಂದು ನನ್ನ ಊಹೆ. ವಾರಿಜ ಹಿರಾಬಾಯಿಗೆ ಗುಟ್ಟಾಗಿ ವಿಷಯ ತಿಳಿಸಿ ಬಲೆಯನ್ನು ಹಿಂದಿರುಗಿಸಿದಳು. ಹಿರಾಬಾಯಿ ಬಲೆಯನ್ನು ಮೂಗಿಗೆ ಹಿಡಿದು, ಏನೂ ಇಲ್ಲವಲ್ಲ ಎಂದರು. ಆಮೇಲೆ, "ಮಗ್ ಆಮ್ಚ್ಯಾ ಬೋಂಬ್ಲಾಲಾ ಸಫರ್‌ಚಂದಾಚಾ ವಾಸ್ ಕಾ ನಾಹಿ ಆಲಾ?" ಎಂದು ಕೇಳಿದರು. ಹಾಗಾದರೆ ನಮ್ಮ ಬೋಂಬಿಲ್‌ಗೆ ಸೇಬಿನ ವಾಸನೆ ಯಾಕೆ ಬರಲಿಲ್ಲ ಎಂಬುದು ಅವರ ಪ್ರಶ್ನೆ.

ಕಾಗೆ ಹರಿದುಹಾಕಿತು ಎಂದು ಸದಾನಂದನಿಗೆ ಹೇಳಿ ಬಲೆಯ ಬದಲು ಸೊಳ್ಳೆಪರದೆ ಹೊದೆಸಿದೆವು. ಆಮೇಲಿನ ಕಂತು ಶುದ್ಧವಾಗಿ ಬಂತು. ಸೇಬಿನದೇ ವಾಸನೆ, ಸ್ವಲ್ಪ ನಿಂಬೆ. ಅಲ್ಲಿಂದ ಮುಂದೆ ವಾರಿಜಳಿಗೆ ದಾರಿ ಸ್ಪಷ್ಟವಾಗಿತ್ತು. ಬುಧವಾರ ಧನಿಗಳಿಗೆ ಕೊಡುವ ಬಾಟ್ಲಿ ಈ ಹೊಸ ಕಂತಿನದಾಗಿರಬೇಕು, ಅಷ್ಟೆ. ಹಳೆಯ ಬಾಟ್ಲಿಗಳನ್ನು ಕಪಾಟಿನ ಹಿಂದಕ್ಕೆ ಸರಿಸಿದಳು.

ನಾನು ಗ್ಯಾಸಿನ ಮಾತೆತ್ತಿದೆ.

"ಗ್ಯಾಸಿಗೆ ಅಲ್ಲಿ ಬೇರೆಯವರೂ ಇದ್ದಾರೆ," ಎಂದಳು. "ಅವನಿಗೆ ಅಲ್ಲಿ ಬಿಟ್ಟರೆ ಬೇರೆ ಎಲ್ಲಿ ಉಂಟು, ಹೇಳಿ. ಆ ಒಲೆಯೂ ಹೋದರೆ ಅವನು ಏನು ಅಂತ ಬದುಕಬೇಕು."

ಇದು ನಡೆದದ್ದು ತಗ್ಗಿದ ದನಿಯಲ್ಲಿ, ಅವನು ಸ್ನಾನಕ್ಕೆ ಹೋದಾಗ. ಅವಳ ಕಣ್ಣು ಒದ್ದೆಯಾಗಿತ್ತು. ಆಫೀಸಿನಲ್ಲಿ ಖಚಿತವಾಗದ ಒಂದು ಸಾಲನ್ನೂ ಅಚ್ಚಿಗೆ ಬಿಡದವನು ಮನೆಯಲ್ಲಿ ಒಟ್ಟು ಹನ್ನೊಂದು ದಿನ ಸುಮ್ಮನಿದ್ದೆ. ಆ ಹನ್ನೊಂದು ದಿನವೂ ಸದಾನಂದ ಸಂಜೆ ತಾರಸಿಯಿಂದ ಇಳಿದು ಆ ದಿನದ ವಾಸನೆ ಹೇಳಿದ. ನಾವು ತಲೆಯಾಡಿಸಿದೆವು. ಬಿಸಿಲು ಬಲಿತಿತ್ತು, ಮಳೆ ಪೂರ್ತಿ ಹೋಗಿತ್ತು, ಸಮುದ್ರದ ಖಾಡಿಯ ಕಡೆಯಿಂದ ಗಾಳಿ ಬರುತ್ತಿತ್ತು. ಸೇಬು ಒಣಗಲು ಅದಕ್ಕಿಂತ ಒಳ್ಳೆಯ ಹವೆ ಇರಲಿಲ್ಲ.

ಬುಧವಾರ ನಾನು ರಜೆ ಹಾಕಿ ಅವನ ಜೊತೆ ಹೊರಟೆ. ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ. ಬಟ್ಟೆಯ ಬ್ಯಾಗು, ಕೈಚೀಲದಲ್ಲಿ ಬಾಟ್ಲಿ. ವಾರಿಜ ಬೆಳಿಗ್ಗೆಯೇ ಬಾಟ್ಲಿ ಬದಲಾಯಿಸಿದ್ದಳು. ಘಣಸೋಲಿಯಲ್ಲಿ ರೈಲು ಹತ್ತಿ ಠಾಣೆಯಲ್ಲಿ ಇಳಿದು, ಕಲ್ಯಾಣದ ಗಾಡಿಗಾಗಿ ಪ್ಲಾಟ್‌ಫಾರಂ ಬದಲಿಸಿ ನಿಂತೆವು. ಗಾಡಿ ಹತ್ತು ನಿಮಿಷ ತಡ ಎಂದು ಮೈಕಿನಲ್ಲಿ ಹೇಳಿದರು. ನಮ್ಮ ಮುಂದೆ ಜನರ ಗುಂಪು, ಅದರಾಚೆ ವಡಾಪಾವಿನ ಸ್ಟಾಲು.

ಸದಾನಂದ ತಲೆಯನ್ನು ಸ್ವಲ್ಪ ಎತ್ತಿ ಮೂಗು ಅರಳಿಸಿದ. "ವಡೆ ಕರಿತಾ ಇದ್ದಾರೆ ಭಾವ. ಎಣ್ಣೆ ಹಳತು. ಬೆಳಿಗ್ಗೆಯೇ ಬದಲಾಯಿಸಬೇಕಿತ್ತು," ಎಂದ.

ನಾನು ಅವನಿಗಿಂತ ಎತ್ತರ. ನನಗೆ ಗುಂಪಿನ ಮೇಲಿಂದ ಸ್ಟಾಲು ಕಾಣುತ್ತಿತ್ತು. ಅದರ ಅರ್ಧ ಷಟರ್ ಇಳಿದಿತ್ತು. ಒಬ್ಬಾತ ಖಾಲಿ ಬಾಣಲೆಯನ್ನು ನೆಲದ ಮೇಲಿಟ್ಟು ತಿಕ್ಕುತ್ತಿದ್ದ. ಒಲೆ ಆರಿತ್ತು.

"ಸದಾನಂದ, ಸೇಬಿನಲ್ಲಿ ಮೀನಿನ ವಾಸನೆ ಇದೆ," ಎಂದೆ.

ಅವನು ನನ್ನ ಮುಖ ನೋಡಿದ. ಆಮೇಲೆ ಕೈಚೀಲ ನೋಡಿದ.

"ಇದರಲ್ಲಾ?"

"ಇದರಲ್ಲಿಲ್ಲ. ಇದು ಅಕ್ಕ ಬದಲಾಯಿಸಿದ್ದು. ಮನೆಯಲ್ಲಿರುವುದರಲ್ಲಿ. ಬಲೆಯಿಂದ ಬಂದದ್ದು."

"ಯಾವಾಗಿಂದ ಗೊತ್ತು ನಿಮಗೆ?"

"ಹನ್ನೊಂದು ದಿನ ಆಯಿತು."

ಗಾಡಿ ಬಂತು. ಜನ ನುಗ್ಗಿದರು, ನಾವು ಕಂಬದ ಬದಿಗೆ ಸರಿದು ನಿಂತೆವು. ಗಾಡಿ ಹೋಯಿತು. ಖಾಲಿಯಾದ ಪ್ಲಾಟ್‌ಫಾರಂನ ಆಚೆ ಮುಚ್ಚಿದ ಸ್ಟಾಲನ್ನು ಅವನು ಈಗ ನೋಡಿದ.

"ನೀವು ಹನ್ನೊಂದು ದಿನ ನನಗೆ ಸುಳ್ಳು ಹೇಳಿದ್ದು," ಎಂದ. "ನಾನು ನಿಮಗೆ ಹೇಳಲಿಕ್ಕೆ ಶುರು ಮಾಡಿ ಅದಕ್ಕಿಂತ ಜಾಸ್ತಿ ಆಯ್ತು. ನಿಮ್ಮ ಮೇಲೆ ಕೋಪ ಮಾಡ್ಲಿಕ್ಕೆ ನನಗೆ ಬಾಯಿಲ್ಲ ಭಾವ."

ಪೂರ್ತಿ ಸುಳ್ಳೂ ಅಲ್ಲ ಎಂದು ಆಮೇಲೆ ವಿವರಿಸಿದ. ಮೊದಲ ಸಂಜೆ ಹುಲ್ಲಿನ ವಾಸನೆ ನಿಜವಾಗಿ ಬಂದಂತೆ ಆಗಿತ್ತು. ಮರುದಿನ ಬರಲಿಲ್ಲ, ಮೂರನೆಯ ದಿನವೂ ಬರಲಿಲ್ಲ. ಅಷ್ಟು ಹೊತ್ತಿಗೆ ಅಕ್ಕ ದೀಪ ಹಚ್ಚಲು ಬತ್ತಿ ಹೊಸೆಯುತ್ತಿದ್ದಳು. ಇಲ್ಲ ಎನ್ನಲು ಆಗಲಿಲ್ಲ. ಹೇಳುತ್ತ ಹೇಳುತ್ತ, ಹೇಳಿದ್ದೇ ಬಂದಂತೆ ಅನಿಸತೊಡಗಿತು. ಕಣ್ಣಿಗೆ ಸೇಬು ಕಂಡರೆ ಮೂಗು ಅದನ್ನೇ ಹೇಳುತ್ತಿತ್ತು.

ಮನೆಗೆ ಹೋಗಬೇಕು ಎಂದ. ನಾನು ಕಲ್ಯಾಣಕ್ಕೆ ಹೋಗುವುದು ಬೇಡ ಎಂದು ಅರ್ಥ ಮಾಡಿಕೊಂಡೆ. ಮರುಗಾಡಿಯಲ್ಲಿ ಇಬ್ಬರೂ ಕಿಟಕಿಯ ಹತ್ತಿರ ಎದುರುಬದುರಾಗಿ ಕುಳಿತೆವು. ಐರೋಲಿ ದಾಟಿದ ಮೇಲೆ ಅವನು ಒಂದೇ ಪ್ರಶ್ನೆ ಕೇಳಿದ: ಮಲ್ಲಪ್ಪನ ಹೆಂಡತಿ ತಿಂದರಾ? ಉಗುಳಿದರಂತೆ ಎಂದೆ. ಅವನು ಅಂಗೈಯಿಂದ ಮುಖ ಒರೆಸಿಕೊಂಡ.

ಮನೆಗೆ ಬಂದಾಗ ವಾರಿಜ ಬಾಲವಾಡಿಯಿಂದ ಆಗಷ್ಟೇ ಬಂದಿದ್ದಳು. ನಮ್ಮಿಬ್ಬರನ್ನು ಒಟ್ಟಿಗೆ ಬಾಗಿಲಲ್ಲಿ ಕಂಡು ಅವಳಿಗೆ ಎಲ್ಲ ತಿಳಿಯಿತು. ಮೊದಲು ನನ್ನನ್ನು ನೋಡಿದಳು. ಆ ನೋಟವನ್ನು ನಾನು ಬರೆಯಲಾರೆ. ಸದಾನಂದ ನೇರ ಅಡುಗೆಮನೆಗೆ ಹೋಗಿ ಕಪಾಟಿನ ಹಿಂದಿನಿಂದ ಹಳೆಯ ಬಾಟ್ಲಿಯೊಂದನ್ನು ತೆಗೆದ. ಕೈಚೀಲದಲ್ಲಿದ್ದುದನ್ನೂ ಹೊರತೆಗೆದು ಎರಡನ್ನೂ ಮೇಜಿನ ಮೇಲೆ ಜೋಡಿಸಿದ. ಒಂದೇ ಅಳತೆಯ ಬಾಟ್ಲಿ, ಒಂದೇ ಬಣ್ಣದ ಮುಚ್ಚಳ, ಒಂದೇ ಹದಕ್ಕೆ ಬಂದ ತೆಳು ತುಂಡುಗಳು.

"ನಿನ್ನ ಒಳ್ಳೆಯದಕ್ಕೇ ಮಾಡಿದ್ದು ನಾನು," ಎಂದಳು ವಾರಿಜ.

"ಗೊತ್ತುಂಟು ಅಕ್ಕ. ಒಂದು ರಬ್ಬರ್ ಬ್ಯಾಂಡ್ ಕೊಡು. ಚೀಲಕ್ಕೆ ಹಾಕಿದ ಮೇಲೆ ಮೀನಿನದ್ದು ಯಾವುದು ಅಂತ ನನಗೆ ಗೊತ್ತಾಗುವುದಿಲ್ಲ."

ಅವಳು ಹಾಲಿನ ಪ್ಯಾಕೆಟ್ಟುಗಳಿಂದ ತೆಗೆದಿಟ್ಟ ರಬ್ಬರ್ ಬ್ಯಾಂಡುಗಳ ಡಬ್ಬಿ ತಂದು, ಎರಡೂ ಬಾಟ್ಲಿಗಳ ಮುಚ್ಚಳ ತೆರೆದು, ಒಂದೊಂದಾಗಿ ಮೂಸಿ, ಎಡಗಡೆಯದಕ್ಕೆ ತಾನೇ ಬ್ಯಾಂಡು ಹಾಕಿದಳು. ಉಂಡು ಹೋಗಿ ಎಂದಳು. ಉಂಡೇ ಹೊರಟೆವು. ಬಂಗುಡೆಯ ಸಾರು ಮಾಡಿದ್ದಳು. ಸದಾನಂದ ಎರಡು ಸಲ ಅನ್ನ ಹಾಕಿಸಿಕೊಂಡ, ಈ ಸಲ ಚೆನ್ನಾಗಿದೆ ಎಂದು ಹೇಳಲಿಲ್ಲ. ಖಾರ ನಾಲಿಗೆಗೆ ಗೊತ್ತಾಗುತ್ತದೆ, ಉಪ್ಪು ಗೊತ್ತಾಗುತ್ತದೆ, ಮೀನು ಗೊತ್ತಾಗುವುದಿಲ್ಲ ಎಂದ. ಬಂದ ದಿನದಿಂದ ಅವನು ತನ್ನ ಊಟದ ಬಗ್ಗೆ ಹೇಳಿದ ಮೊದಲ ನಿಜ ಅದು.

ಕಲ್ಯಾಣ ತಲುಪಿದಾಗ ನಾಲ್ಕು ಗಂಟೆಯ ಹತ್ತಿರ. ಹೋಟೆಲಿನಲ್ಲಿ ಊಟದವರು ಹೋಗಿ ಸಂಜೆಯ ತಿಂಡಿಯವರು ಇನ್ನೂ ಬಂದಿರಲಿಲ್ಲ. ಧನಿಗಳು ಗಲ್ಲಾದಲ್ಲಿ ಕುಳಿತು ಕನ್ನಡಕ ಒರೆಸುತ್ತಿದ್ದರು. ಅವರು ನನಗಿಂತ ಹಿರಿಯರು, ಕಡಿಮೆ ಮಾತಿನವರು. ಸದಾನಂದನನ್ನು ಕಂಡು ಎದ್ದರು. ಒಳಗಿನಿಂದ ಒಬ್ಬಿಬ್ಬರು ಇಣುಕಿ ನೋಡಿ, ಬಂದ, ಬಂದ ಎಂದರು. ಸದಾನಂದ ಧನಿಗಳಿಗೆ ಕೈ ಮುಗಿದು ಕೈಚೀಲದಿಂದ ಎರಡೂ ಬಾಟ್ಲಿ ತೆಗೆದು ಗಲ್ಲಾದ ಮೇಲಿಟ್ಟ.

"ಎರಡನ್ನೂ ಮೂಸಿ ನೋಡಿ ಧನಿಗಳೇ."

ಅವರು ಬ್ಯಾಂಡಿಲ್ಲದ್ದನ್ನು ಮೊದಲು ತೆರೆದರು. ಮೂಗಿನ ಹತ್ತಿರ ಹಿಡಿದು ತಲೆಯಾಡಿಸಿದರು. ಒಂದು ತುಂಡು ಬಾಯಿಗೆ ಹಾಕಲು ಹೋದವರು, ಎರಡನೆಯದನ್ನೂ ನೋಡಿ ಎಂದು ಸದಾನಂದ ಹೇಳಿದ್ದರಿಂದ ಕೆಳಗಿಟ್ಟರು. ಎರಡನೆಯ ಮುಚ್ಚಳ ಪೂರ್ತಿ ತೆರೆಯುವ ಮೊದಲೇ ಅವರ ಕೈ ಹಿಂದೆ ಬಂತು.

"ಎಂತ ಮಾರಾಯ ಇದು, ಮೀನು ತಂದಿದ್ದೀಯಾ?" ಎಂದು ಬೇಗ ಮುಚ್ಚಳ ತಿರುಗಿಸಿ ಗಿರಾಕಿ ಯಾರಾದರೂ ಬಂದರೋ ಎಂದು ಬಾಗಿಲ ಕಡೆ ನೋಡಿದರು.

"ಅದೂ ಸೇಬೇ. ನಾನೇ ಒಣಗಿಸಿದ್ದು. ನನಗೆ ಎರಡೂ ಒಂದೇ," ಎಂದ ಸದಾನಂದ. "ಫೋನಿನಲ್ಲಿ ಹೇಳಿದ್ದು ಸರಿಯಲ್ಲ ಅಂತ ಹೇಳಲಿಕ್ಕೆ ಬಂದೆ."

ಧನಿಗಳು ಕನ್ನಡಕ ಹಾಕಿಕೊಂಡರು. ಎರಡು ಬಾಟ್ಲಿಗಳನ್ನೂ ಅವನ ಮುಖವನ್ನೂ ನೋಡಿದರು. ಹೊಸ ಅಡುಗೆಯವರನ್ನು ಆಗಲೇ ಕರೆಸಿದ್ದಾಗಿದೆ, ನೀನು ಬರುವವರೆಗೆ ಎಂದು ಕರೆಸಿದ್ದು ಎಂದರು. ಒಲೆ ಅವರ ಹತ್ತಿರವೇ ಇರಲಿ ಎಂದ ಸದಾನಂದ. ಒಗ್ಗರಣೆ, ಚಟ್ನಿ, ಹಾಲು, ಇದೆಲ್ಲ ಮೂಗು ಇದ್ದವರ ಕೆಲಸ. ಹಿಟ್ಟಿನ ಕೆಲಸ ಇದ್ದರೆ ಕೊಡಿ ಎಂದ. ಹದಿನೇಳಕ್ಕೆ ಬಂದಾಗ ಕೊಟ್ಟ ಕೆಲಸ ಅದು. ಕೇಳುವಾಗ ಅವನ ದನಿಯಲ್ಲಿ ಬದಲಾವಣೆ ಇರಲಿಲ್ಲ. ಅಂಗಿಯ ಕೊನೆಯ ಗುಂಡಿಯನ್ನು ಮಾತ್ರ ಬೆರಳಿನಿಂದ ತಿರುಗಿಸುತ್ತಿದ್ದ.

ಧನಿಗಳು ಬಾ ಎಂದು ಒಳಗೆ ನಡೆದರು. ನಾನೂ ಹಿಂದೆ ಹೋದೆ. ಸಂಜೆಯ ಇಡ್ಲಿಗೆ ಸಿದ್ಧತೆ ನಡೆದಿತ್ತು. ಹೊಸ ಅಡುಗೆಯವರು ತಟ್ಟೆಗಳಿಗೆ ಎಣ್ಣೆ ಸವರಿ, ಸೌಟು ಹಿಡಿದು ಹಿಟ್ಟಿನ ಪಾತ್ರೆಯ ಹತ್ತಿರ ನಿಂತಿದ್ದರು. ಸದಾನಂದ ಬಿಳಿ ಅಂಗಿಯ ತೋಳನ್ನು ಮೊಣಕೈಯವರೆಗೆ ಮಡಚಿ, ನಲ್ಲಿಯಲ್ಲಿ ಕೈ ತೊಳೆದು, ಬಲಗೈಯನ್ನು ಮಣಿಕಟ್ಟಿನವರೆಗೆ ಹಿಟ್ಟಿನೊಳಗೆ ಇಳಿಸಿದ. ಒಂದು ಸುತ್ತು ನಿಧಾನ ತಿರುವಿ ಕೈ ಮೇಲೆತ್ತಿದ. ಹಿಟ್ಟು ಬೆರಳುಗಳಿಂದ ಇಳಿಯುವುದನ್ನು, ಎಲ್ಲಿ ತುಂಡಾಗುತ್ತದೆ, ಎಲ್ಲಿ ನೂಲಾಗುತ್ತದೆ ಎಂಬುದನ್ನು ನೋಡುತ್ತ ನಿಂತ.

"ಹಿಟ್ಟು ಉಬ್ಬಲಿಕ್ಕೆ ಇನ್ನೂ ಅರ್ಧ ಗಂಟೆ ಬೇಕು," ಎಂದ.

ಧನಿಗಳು ಗೋಡೆಯ ಗಡಿಯಾರ ನೋಡಿದರು. ಹೊಸ ಅಡುಗೆಯವರು ಧನಿಗಳನ್ನು ನೋಡಿದರು. ಆಮೇಲೆ ಸೌಟನ್ನು ಕೆಳಗಿಟ್ಟರು.